ಕೇಳಬ್ಯಾಡ್ರಿ, ಹಚ್ಚರಿ

ಅವರ ಬಲಗೈ ಯಾವಾಗಲೂ ನಡುಗುತ್ತಿತ್ತು. ಮುಪ್ಪಿನ ನಡುಕವಲ್ಲ ಅದು; ನಾನು ಅವರನ್ನು ಮೊದಲು ಕಂಡಾಗ ಅವರ ಮೀಸೆ ಇನ್ನೂ ಕಪ್ಪಗಿತ್ತು, ಕೈ ಆಗಲೇ ನಡುಗುತ್ತಿತ್ತು. ಬಸವಕಲ್ಯಾಣದ ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟುಕೊಂಡು, ಮದುವೆಯ ಕೊಡ, ತಂಬಿಗೆ, ತಟ್ಟೆಗಳ ಮೇಲೆ ಕರೆಂಟಿನ ಸೂಜಿಯಿಂದ ಹೆಸರು ಕೊರೆಯುತ್ತ ಕೊರೆಯುತ್ತ, ಆ ಸೂಜಿಯ ಕಂಪನವು ಹೆಬ್ಬೆರಳಿನಿಂದ ಮಣಿಕಟ್ಟಿಗೆ ಹತ್ತಿ ಅಲ್ಲಿಯೇ ನೆಲೆಸಿಬಿಟ್ಟಿತ್ತು. ಚಹದ ಬಸಿಯನ್ನು ಅವರು ಎಡಗೈಯಲ್ಲಿಯೇ ಹಿಡಿಯುತ್ತಿದ್ದರು. ಸೂಜಿ ಹಿಡಿದಾಗ ಮಾತ್ರ ಬಲಗೈ ನಿಲ್ಲುತ್ತಿತ್ತು. ಅದು ಹೇಗೆಂದು ನಾನು ಕೇಳಿದ್ದುಂಟು. "ನಡಗೂದು ಮಶೀನಿಗೆ ಒಪ್ಪಿಸಿಬಿಡ್ತೀನ್ರಿ, ನಾ ಸುಮ್ಮನ ಕುಂದರ್ತೀನಿ" ಎಂದಿದ್ದರು.

ಅವರು ನಮ್ಮ ಪಕ್ಕದ ಮನೆಯವರು. ಓಣಿಗೆಲ್ಲ ಅವರು ಕಾಕಾ, ಅವರ ಪತ್ನಿ ಕಾಕು. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದವನು; ಗಂಟಲಿನ ತೊಂದರೆಯಿಂದ ಅವಧಿಗೆ ಮುನ್ನವೇ ನಿವೃತ್ತಿ ಪಡೆದವನು. ತಪ್ಪು ಬರಹವನ್ನು ಕಂಡರೆ, ಅದು ಬಸ್ಸಿನ ಫಲಕದ ಮೇಲಿರಲಿ, ಲಗ್ನಪತ್ರಿಕೆಯಲ್ಲಿರಲಿ, ತಿದ್ದದೆ ಮುಂದೆ ಹೋಗುವುದು ನನ್ನಿಂದ ಆಗದು. ಕಾಕಾ ಕೊರೆದ ಹೆಸರುಗಳಲ್ಲಿ ಒತ್ತಕ್ಷರಗಳು ಆಗಾಗ ಜಾರಿ ಹೋಗುತ್ತಿದ್ದವು. ನಾನು ಅಂಗಡಿಯ ಮುಂದೆ ನಿಂತು ಕೊಡವನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರೆ ಅವರು ಕೈಮುಗಿಯುತ್ತಿದ್ದರು. "ಮಾಸ್ತರ, ಸ್ಟೀಲಿನ ಮ್ಯಾಲ ರಬ್ಬರ್ ನಡ್ಯಾಂಗಿಲ್ರಿ. ಬೈಯೋದಿದ್ರ ಮದಲ ಬಂದು ಬೈರಿ, ಆಮ್ಯಾಲ ಬ್ಯಾಡ."

ಬರಬರುತ್ತ ಹಾಗೆಯೇ ಆಯಿತು. ಮದುವೆಯ ಹಂಗಾಮಿನಲ್ಲಿ ಸಂಜೆ ಹೊತ್ತು ನಾನು ಅವರ ಪಕ್ಕದ ಸ್ಟೂಲಿನ ಮೇಲೆ ಕುಳಿತು ಹೆಸರುಗಳನ್ನು ಸೀಮೆಸುಣ್ಣದಿಂದ ಬರೆದುಕೊಡುತ್ತಿದ್ದೆ. ಅವರು ಅದರ ಮೇಲೆ ಸೂಜಿ ಆಡಿಸುತ್ತಿದ್ದರು. ಆ ಸ್ಟೂಲಿನ ಮೇಲೆ ಕುಳಿತೇ ನಾನು ಅವರನ್ನು ಅರಿತದ್ದು. ಗಿರಾಕಿ ಒಳಗೆ ಬಂದು ಕುಳಿತೊಡನೆ ನೀರು ಬರಬೇಕು. "ನೀರು ಕೊಡ್ರಿ" ಎಂದು ಗಿರಾಕಿಯೇ ಬಾಯಿ ಬಿಟ್ಟು ಕೇಳಿದರೆ ಕಾಕಾ ಅಂದಿನ ದಿನವೆಲ್ಲ ಮಂಕಾಗಿರುತ್ತಿದ್ದರು. ನಮ್ಮ ಭಾಗದ ಹಳೆಯ ಶರಣ ಮನೆತನಗಳಲ್ಲಿ ದಾಸೋಹವೆಂದರೆ ಅನ್ನ ಹಾಕುವುದಷ್ಟೇ ಅಲ್ಲ. ಬಂದವನ ಬಾಯಿಂದ 'ಕೊಡಿ' ಎಂಬ ಮಾತು ಹೊರಡುವುದಕ್ಕೆ ಮೊದಲೇ ಕೊಟ್ಟಿರಬೇಕು. ಅವರ ತಾಯಿ ಹಾಗೆ ಬೆಳೆಸಿದ್ದರಂತೆ. "ಕೇಳಿಸ್ಕೊಂಡು ಕೊಟ್ಟದ್ದು ಭಿಕ್ಷಾ ಆಗ್ತದರಿ ಮಾಸ್ತರ. ಅವಂಗ ನಾಚಿಗಿ, ನಮಗ ಪಾಪ" ಎನ್ನುತ್ತಿದ್ದರು.

ಕೊರೊನಾದ ವರ್ಷ ಕಾಕುವಿನ ಶ್ವಾಸಕೋಶ ಕೆಟ್ಟಿತು. ಜ್ವರ ಹೋಯಿತು, ಉಸಿರು ಮರಳಲಿಲ್ಲ. ಗಾಳಿಯಿಂದ ಆಮ್ಲಜನಕವನ್ನು ಹಿಂಡಿ ಕೊಡುವ, ಹಾಸಿಗೆಯ ಪಕ್ಕದ ಮೇಜಿನಷ್ಟು ಎತ್ತರದ ಯಂತ್ರವೊಂದು ಮನೆಗೆ ಬಂತು. ಅದರಿಂದ ಹೊರಟ ನಳಿಕೆ ಕಾಕುವಿನ ಮೂಗಿಗೆ. ಯಂತ್ರ ಗೋಡೆಯ ಪ್ಲಗ್ಗಿಗೆ, ಕಾಕು ಯಂತ್ರಕ್ಕೆ. ಅಡುಗೆಮನೆಯ ಹೊಸ್ತಿಲವರೆಗೆ ಬರಬಹುದು, ಒಲೆಯ ಹತ್ತಿರ ಹೋಗುವಂತಿಲ್ಲ. ಕಿಟಕಿಯವರೆಗೆ ಬರಬಹುದು, ಅಂಗಳಕ್ಕಿಲ್ಲ. ಕರೆಂಟು ಹೋದರೆ ಸಿಲಿಂಡರು. ನನ್ನ ಹೆಂಡತಿ ಮಾತನಾಡಿಸಲು ಹೋದಾಗ ಕಾಕು ನಗುತ್ತಲೇ ಹೇಳಿದರು: "ಗ್ವಾದಲಿಗೆ ಕಟ್ಟಿದ ಎಮ್ಮಿ ಆಗೀನವ್ವಾ. ಎಮ್ಮಿಗರೆ ಸಂಜಿಗೆ ಹಗ್ಗಾ ಬಿಚ್ತಾರ."

ಆ ಮಾತನ್ನು ಕಾಕಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಕೆಲವೇ ತಿಂಗಳಲ್ಲಿ ಹಳೆಯದೊಂದು ಶಾಲಾವಾಹನ ಹುಮನಾಬಾದಿನ ಹೆದ್ದಾರಿಯ ಪಕ್ಕದ ಗ್ಯಾರೇಜಿನಲ್ಲಿ ನಿಂತಿತು. ಆಸನಗಳನ್ನು ಕಿತ್ತು ಮಂಚ ಕೂಡಿಸಿದರು. ಕಿಟಕಿಗಳಿಗೆ ಜಾಳಿಗೆ, ಮೂಲೆಯಲ್ಲಿ ಸಣ್ಣ ಅಡುಗೆಕಟ್ಟೆ, ಹಿಂದೆ ನೀರಿನ ಟಾಕಿ. ಮಂಚದ ಕೆಳಗೆ ಬ್ಯಾಟರಿಗಳು ಮತ್ತು ಇನ್ವರ್ಟರ್.

ಆ ಪೆಟ್ಟಿಗೆಯ ಕೆಲಸವನ್ನು ಇಲ್ಲಿ ಹೇಳಬೇಕು. ಮುಂದಿನದು ಅರ್ಥವಾಗಲು ಅದು ಬೇಕು. ಗಾಡಿಯ ನೆತ್ತಿಯ ಮೇಲಿನ ಸೋಲಾರ್ ಹಲಗೆಗಳು ಬಿಸಿಲಿನಿಂದ ಬ್ಯಾಟರಿಗಳನ್ನು ತುಂಬುತ್ತವೆ. ಬ್ಯಾಟರಿಯ ಕರೆಂಟು ಮನೆಯ ಯಂತ್ರಗಳಿಗೆ ಒಗ್ಗದು. ಅದನ್ನು ಮನೆಯ ಕರೆಂಟಾಗಿ ಮಾರ್ಪಡಿಸುವುದು ಇನ್ವರ್ಟರ್. ಅದಕ್ಕೂ ಒಂದು ಮಿತಿಯಿದೆ. ಬ್ಯಾಟರಿ ಇಳಿದರಾಗಲಿ, ಹೊರೆ ಮಿತಿಮೀರಿದರಾಗಲಿ, ಅದು ಮೊದಲು ಕೀಂ ಕೀಂ ಎಂದು ಕೂಗುತ್ತದೆ. ಯಾರೂ ಕಿವಿಗೊಡದಿದ್ದರೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಗ್ಯಾರೇಜಿನ ಮೇಸ್ತ್ರಿ ಕಾಕಾಗೆ ಇದನ್ನು ಬಿಡಿಸಿ ಹೇಳಿದ್ದನ್ನು ನಾನು ಪಕ್ಕದಲ್ಲಿಯೇ ನಿಂತು ಕೇಳಿದ್ದೇನೆ.

"ಕಾಕಾ, ಕಾಕೂಂದು ಮಶೀನು, ಒಂದು ಪಂಖಾ, ಎರಡು ಲೈಟು, ಮೊಬೈಲು. ಬಸ್. ಇಸ್ತ್ರಿ, ನೀರು ಕಾಸೋ ಕಡ್ಡಿ ಹಚ್ಚಿದ್ರೋ, ಬೈಠ್ ಜಾಯೇಗಾ."

"ಕುಂತರ ಎಬ್ಬಿಸೋದು ಹ್ಯಾಂಗ?"

"ಕಡ್ಡಿ ಕಿತ್ತು ಬಟನ್ ಒತ್ರಿ, ಏಳ್ತದ. ಆದ್ರ ಕುಂಡರಸಬ್ಯಾಡ್ರಿ."

ಓಣಿಯವರು ಬಿಡಲಿಲ್ಲ. "ಏನ್ರಿ ಕಾಕಾ, ಮುದುಕರಾದ ಮ್ಯಾಲ ಹನಿಮೂನೇನು?" ಎಂದು ಎದುರು ಮನೆಯವನು ಕೂಗಿದ. ನಳಿಕೆಯನ್ನು ಸೆರಗಿನಂತೆ ಹೆಗಲ ಮೇಲೆ ಹಾಕಿಕೊಂಡು ಗಾಡಿ ಹತ್ತುತ್ತಿದ್ದ ಕಾಕುವೇ ಉತ್ತರ ಕೊಟ್ಟರು. "ಹೌದಪ್ಪಾ. ಆವಾಗ ನಿಮ್ಮ ಕಾಕಾಗ ಕೊಡಕ್ಕ ಹೆಸರು ಹಾಕೂದರಾಗ ಪುರಸತ್ತು ಸಿಗಲಿಲ್ಲ."

ಅವರು ದೂರವೇನೂ ಹೋಗುತ್ತಿರಲಿಲ್ಲ. ನಿರ್ಣಾದ ಕಡೆಗೆ ತೊಗರಿ ಹೂಬಿಟ್ಟ ಹೊಲಗಳ ನಡುವೆ ಎರಡು ದಿನ, ಗೋರ್ಟಾದ ಆಚೆ ಹುಲ್ಲುಗಾವಲಿನಲ್ಲಿ ಒಂದು ದಿನ, ಯಾವುದಾದರೊಂದು ಕೆರೆಯ ದಂಡೆಯಲ್ಲಿ ಮೂರು ದಿನ. ಕರೆಂಟಿನ ಕಂಬವೊಂದೂ ಕಾಣದ ಕಡೆ ಗಾಡಿ ನಿಲ್ಲಬೇಕೆಂಬುದು ಕಾಕುವಿನ ಹಟ. ತಂತಿ ಕಂಡರೆ ಮನೆ ನೆನಪಾಗುತ್ತದಂತೆ. ರಜೆಯಿಲ್ಲದ ನನ್ನ ನಿವೃತ್ತಿಯಲ್ಲಿ ನಾನೂ ಹಲವು ಸಲ ಜೊತೆಗೆ ಹೋಗಿದ್ದೇನೆ. ಗಾಡಿಯ ದೊಡ್ಡ ಬಾಗಿಲು ತೆರೆದಿಟ್ಟು, ಮಂಚದ ಮೇಲೆ ದಿಂಬಿಗೊರಗಿ, ಆ ಹೆಣ್ಣುಮಗಳು ಸುಮ್ಮನೆ ಬಯಲನ್ನು ನೋಡುತ್ತಿದ್ದರು. ಯಂತ್ರ ಗುಂಯ್ಗುಡುತ್ತಿತ್ತು. ಕಾಕಾ ಆ ಸದ್ದಿಗೆ ಒಂದು ಕಿವಿ ಕೊಟ್ಟೇ ಬೇರೆ ಕೆಲಸ ಮಾಡುತ್ತಿದ್ದರು.

ಇಷ್ಟರಲ್ಲಿಯೇ ತೃಪ್ತರಾಗಿದ್ದರೆ ಅವರು ಅವರಾಗುತ್ತಿರಲಿಲ್ಲ. ಮೊದಲ ಪ್ರವಾಸದಲ್ಲಿಯೇ ಕುರಿಗಾಹಿಯೊಬ್ಬ ಸತ್ತ ಮೊಬೈಲನ್ನು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಸುಳಿದಾಡಿ, ಕೇಳಲಾರದೆ, ಕೊನೆಗೆ ಕೇಳಿದ. ಕೇಳಿಸಿಕೊಂಡದ್ದೇ ಕಾಕಾಗೆ ದೊಡ್ಡ ಅಪರಾಧವಾಗಿ ಕಂಡಿತು. ಮರುವಾರವೇ ಹುಮನಾಬಾದಿಗೆ ಹೋಗಿ ಗಾಡಿಯ ಹೊರಮೈಗೆ, ಬಾಗಿಲಿನ ಪಕ್ಕದಲ್ಲಿ, ಒಂದು ಪ್ಲಗ್ ಬೋರ್ಡು ಹಾಕಿಸಿಕೊಂಡು ಬಂದರು. ಗಾಡಿ ಎಲ್ಲಿ ನಿಂತರೂ ಹೊಲಗಳಿಂದ, ಗುಡಿಸಲುಗಳಿಂದ ಜನ ಬರುತ್ತಿದ್ದರು. ಯಾರಾದರೂ ಅನುಮಾನಿಸಿ ನಿಂತರೆ ಕಾಕಾ ದೂರದಿಂದಲೇ ಕೈಬೀಸುತ್ತಿದ್ದರು: "ಕೇಳಬ್ಯಾಡ್ರಿ, ಹಚ್ಚರಿ! ಕರೆಂಟಂದ್ರೂ ಅನ್ನಾನೇ." ಮೊಬೈಲು ತುಂಬುವವರೆಗೆ ಚಹ, ಹೊತ್ತಾಗಿದ್ದರೆ ಊಟ. ಕಾಕು ಒಳಗಿನಿಂದಲೇ ಬಂದವರ ಊರು, ಮಕ್ಕಳು, ಕುರಿಗಳ ಲೆಕ್ಕ ಎಲ್ಲವನ್ನೂ ವಿಚಾರಿಸುತ್ತಿದ್ದರು. ಮನೆಯ ಗೋಡೆಗಳ ನಡುವೆ ಅವರ ಮುಖದಲ್ಲಿ ಕಾಣದ ಬಣ್ಣವನ್ನು ನಾನು ಆ ದಿನಗಳಲ್ಲಿ ಕಂಡಿದ್ದೇನೆ. ಅದನ್ನೂ ದಾಖಲಿಸುವುದು ನ್ಯಾಯ.

ಒಂದು ಮೋಡದ ದಿನ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಬೋರ್ಡಿನಲ್ಲಿ ಮೂರ್ನಾಲ್ಕು ಮೊಬೈಲುಗಳಿದ್ದವು. ನೆರಳಿನಲ್ಲಿ ಮುದುಕನೊಬ್ಬ ಚಹ ಕುಡಿಯುತ್ತಿದ್ದ. ಇನ್ವರ್ಟರ್ ಕೂಗತೊಡಗಿತು. ಮುದುಕ ಬಸಿಯನ್ನು ಕೆಳಗಿಟ್ಟ. ತನ್ನ ಮೊಬೈಲನ್ನು ಕಿತ್ತುಕೊಂಡು, "ತಪ್ಪಾತ್ರಿ ಯಪ್ಪಾ" ಎಂದು ಕೈಮುಗಿದು, ಚಹವನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದ. ಕಾಕಾ ಕೂಗಿದರೂ ತಿರುಗಿ ನೋಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಬ್ಯಾಟರಿ ದೊಡ್ಡದು ಹಾಕಿಸುತ್ತಿದ್ದರು, ಇಲ್ಲವೆ ಬೋರ್ಡು ಕೀಳಿಸುತ್ತಿದ್ದರು. ಕಾಕಾ ಆ ಉಳಿದ ಚಹವನ್ನು ನೋಡುತ್ತ ಕುಳಿತರು. "ನಮ್ಮ ಮನಿ ಮಶೀನು ಬಂದವರಿಗೆ ಏಳ್ರಿ ಅಂತು, ಮಾಸ್ತರ. ಉಣ್ಣಾಕ ಕುಂತವನ್ನ ಎಬ್ಬಿಸ್ತು" ಎಂದರು. ಮರುದಿನ ಗಾಡಿ ಹುಮನಾಬಾದಿಗೆ ಹೋಯಿತು.

ಮೇಸ್ತ್ರಿ ಮೊದಲು ಒಪ್ಪಲಿಲ್ಲ. "ಅದು ಇನ್ವರ್ಟರಿನ ಬಾಯಿ ಅದ, ಕಾಕಾ. ಬಾಯಿ ಹೊಲಿಬಾರದ್ರಿ."

"ಬಾಯಿ ಇರಲಿ. ಬಂದವರ ಮುಂದ ಬೊಗಳೂದು ಬ್ಯಾಡ."

"ಕಾಕೂಗ ತ್ರಾಸ್ ಆದ್ರ?"

ಮಂಚದ ಮೇಲಿದ್ದ ಕಾಕು ನಕ್ಕರು. "ಉಸಿರು ನಂದೋ, ನಿನ್ನ ಪೆಟ್ಟಿಗೀದೋ? ನಿಂತ್ರ ನನಗ ಮದಲ ತಿಳೀತದ. ಕಿತ್ತಪಾ, ಅವರ ಮನಸಿಗೆ ಸಮಾಧಾನ ಆಗ್ಲಿ." ಮೇಸ್ತ್ರಿ ತಲೆಯಾಡಿಸುತ್ತ, ಮಂಚದ ಕೆಳಗೆ ತೂರಿ, ಕೂಗಿನ ತಂತಿಯನ್ನು ಕತ್ತರಿಸಿ ಟೇಪು ಸುತ್ತಿದ. ಅಂದಿನಿಂದ ಗಾಡಿ ಬಲು ಶಾಂತವಾಯಿತು.

ಮರುವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ, ಹುಮನಾಬಾದಿನ ಹಾದಿಯಿಂದ ಒಳಕ್ಕೆ, ಪರಿಚಿತ ರೈತರೊಬ್ಬರ ಹೊಲದ ಬದುವಿನಲ್ಲಿ ಗಾಡಿ ನಿಂತಿತ್ತು. ಪಕ್ಕದ ಬಯಲಿನಲ್ಲಿ ಕಬ್ಬು ಕಡಿಯುವವರ ಗುಡಿಸಲುಗಳು. ಮಹಾರಾಷ್ಟ್ರದ ಕಡೆಯ ಜನ. ಹಂಗಾಮಿಗೆ ಬಂದು, ಮುಗಿದ ಮೇಲೆ ಹೋಗುವವರು. ಅವರಲ್ಲಿ ಹಸಿಬಾಣಂತಿಯೊಬ್ಬಳಿದ್ದಳು. ಅವಳಿಗೆ ಮರಾಠಿ ಚೆನ್ನಾಗಿ, ಕನ್ನಡ ಅರ್ಧಂಬರ್ಧ. ಎರಡರಲ್ಲಿಯೂ ಅಕ್ಷರ ಬಾರದು. ಈ ಬರಹ ಅವಳ ಕಣ್ಣಿಗೆ ಬೀಳಲಾರದೆಂಬ ಧೈರ್ಯದಿಂದಲೇ, ಗುರುತು ಹತ್ತುವ ವಿವರಗಳನ್ನು ಬಿಟ್ಟು, ಇದನ್ನು ಬರೆಯುತ್ತಿದ್ದೇನೆ. ಅವಳು ಕೂಸನ್ನು ಎತ್ತಿಕೊಂಡು ಕಾಕುವಿನ ಹತ್ತಿರ ಬಂದು ಕೂರುತ್ತಿದ್ದಳು. ಕಾಕು ನಳಿಕೆ ಸರಿಮಾಡಿಕೊಂಡು ಕೂಸಿನ ಪಾದಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಹಿಂದಿನ ಎರಡು ದಿನ ಅಕಾಲದ ಮಳೆ ಸುರಿದಿತ್ತು. ಗುಡಿಸಲುಗಳ ಸೌದೆಯೆಲ್ಲ ತೊಯ್ದು ಹೊಗೆಯಷ್ಟೇ ಬರುತ್ತಿತ್ತು. ಆ ದಿನ ಬಿಸಿಲು ಬಿದ್ದಿತ್ತು. ಊಟ ಮುಗಿದು ಕಾಕು ಮಲಗಿದ್ದರು. ನಮ್ಮ ಮಾತಿಗೆ ಅವರಿಗೆ ಎಚ್ಚರವಾಗಬಾರದೆಂದು ನಾನೂ ಕಾಕಾರೂ ಬದುವಿನ ಆ ತುದಿಯ ಬೇವಿನ ಮರದ ಕೆಳಗೆ ಚೀಲ ಹಾಸಿಕೊಂಡು ಕುಳಿತಿದ್ದೆವು. ಗಾಡಿಯ ಬಾಗಿಲು ನಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ. ಯಂತ್ರದ ಸದ್ದೂ ಅಲ್ಲಿಗೆ ಬರುತ್ತಿರಲಿಲ್ಲ. ತಮ್ಮ ಮಗಳು ಇನ್ನೂ ಗಾಡಿಯನ್ನು ಒಪ್ಪಿಲ್ಲವೆಂದು ಕಾಕಾ ಹೇಳುತ್ತಿದ್ದರು. ಒಬ್ಬಳೇ ಮಗಳು, ಹುಮನಾಬಾದಿಗೆ ಕೊಟ್ಟಿದ್ದರು.

ಆಗ ಆ ಬಾಣಂತಿ ಬಂದಳು. ಸ್ವಲ್ಪ ದೂರದಲ್ಲಿಯೇ ನಿಂತಳು. ಮಾತನಾಡಲು ನಾಚಿಕೆ ಪಡುತ್ತಿರುವುದು ತಿಳಿಯುತ್ತಿತ್ತು.

"ಆಜೋಬಾ," ಎಂದಳು, "ನೀರು ಕಾಯವಲ್ದು."

ಅಜ್ಜನನ್ನು ಅವರು ಹಾಗೆ ಕರೆಯುತ್ತಾರೆ. ಕಾಕಾ ನಕ್ಕರು. "ಯಾವ ನೀರವ್ವಾ?"

"ಕೂಸಿನ ಜಳಕದ್ದು. ಕಡ್ಡಿ ಹಚ್ಚೀನಿ. ಕವ್ಹಾಚಿ, ಆವಾಗಿಂದ ಹಚ್ಚೀನಿ. ಎರಡು ಸಲ ಬಂದು ನೋಡ್ದೆ, ಥಂಡಾನೇ ಅದ."

ಹಿಂದೆ ಬೀಡುಬಿಟ್ಟಿದ್ದ ಕಡೆ ಪಂಪ್‌ಸೆಟ್ಟಿನ ಕರೆಂಟಿನಲ್ಲಿ ನೀರು ಕಾಯಿಸಲು ಕಬ್ಬಿನವರು ಒಂದು ಕಡ್ಡಿ ಕೊಂಡಿದ್ದರು. ಬಕೆಟ್ಟಿನಲ್ಲಿ ಅದನ್ನು ಇಳಿಬಿಟ್ಟು, ಹೊರಗಿನ ಬೋರ್ಡಿಗೆ ಹಚ್ಚಿ, ಕೂಸಿಗೆ ಎಣ್ಣೆ ತಿಕ್ಕಲು ಅವಳು ಗುಡಿಸಲಿಗೆ ಹೋಗಿದ್ದಳು. ಕೇಳಬೇಕೆಂದು ಅವಳಿಗೆ ತೋಚಿರಲಿಲ್ಲ. ಏಕೆ ತೋಚೀತು?

ಕಾಕಾ ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ನಾನು ತಲುಪುವ ಹೊತ್ತಿಗೆ ಅವರು ಮಂಚದ ಕೆಳಗೆ ಬಾಗಿ ಇನ್ವರ್ಟರಿನ ಗುಂಡಿಯನ್ನು ಒತ್ತುತ್ತಿದ್ದರು. ಅದು ಏಳುತ್ತಿರಲಿಲ್ಲ, ಎದ್ದರೂ ಕೂಡಲೇ ಆರುತ್ತಿತ್ತು. ಗಾಡಿಯೊಳಗೆ ಪಂಖದ ಗಾಳಿಯಿಲ್ಲ, ಗುಂಯ್ ಸದ್ದಿಲ್ಲ. ಕಾಕು ಮಲಗಿದ ಹಾಗೆಯೇ ಮಲಗಿದ್ದರು. ಅವರ ತುಟಿಯ ಬಣ್ಣವನ್ನು ನೋಡಿದ ಮೇಲೆ ನಾನು ಮತ್ತೆ ಆ ಕಡೆ ನೋಡಲಿಲ್ಲ. ಬಾಣಂತಿ ನಮ್ಮ ಹಿಂದೆಯೇ ಒಳನುಗ್ಗಿ, ಕೂಸನ್ನು ಮಂಚದ ತುದಿಗೆ ಮಲಗಿಸಿ, ಕಾಕುವಿನ ಅಂಗಾಲು ತಿಕ್ಕತೊಡಗಿದಳು. ನಾನು ಹೊರಗೆ ಬಂದು ಬೋರ್ಡಿನಿಂದ ಕಡ್ಡಿಯನ್ನು ಕಿತ್ತೆ. ಒಳಗೆ ಯಂತ್ರ ಗುಂಯ್ ಎಂದು ಎದ್ದಿತು. ಕಡ್ಡಿಯನ್ನು ಬಕೆಟ್ಟಿನ ಪಕ್ಕದಲ್ಲಿಟ್ಟೆ. ನಾನು ಕಿತ್ತದ್ದನ್ನು ಅವಳು ನೋಡಲಿಲ್ಲ. ಆಮ್ಲಜನಕದ ಯಂತ್ರಕ್ಕೂ ತನ್ನದೇ ಒಂದು ಕೂಗು ಇತ್ತೆಂದೂ, ಅದರೊಳಗಿನ ಸಣ್ಣ ಬ್ಯಾಟರಿ ಎಂದೋ ಮುಗಿದಿತ್ತೆಂದೂ ನಮಗೆ ತಿಳಿದದ್ದು ಆಮೇಲೆ.

ಸಿಲಿಂಡರು ಹಚ್ಚಿಕೊಂಡು ಹುಮನಾಬಾದಿಗೆ ಹೋದೆವು. ಕಾಕು ಮರುದಿನ ಮುಂಜಾನೆ ಲಿಂಗೈಕ್ಯರಾದರು. ನಡುವೆ ಒಮ್ಮೆಯೂ ಕಣ್ಣು ತೆರೆಯಲಿಲ್ಲ.

ಮಗಳು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದಳು. ಕೂಗಿನ ತಂತಿಯನ್ನು ಕತ್ತರಿಸಿದ್ದು ಅವಳಿಗೆ ಗೊತ್ತಿತ್ತು. ಅದಕ್ಕಾಗಿ ಹಿಂದೆಯೇ ಜಗಳವಾಡಿದ್ದಳು. ಕಡ್ಡಿಯ ಸಂಗತಿ ತಿಳಿದೊಡನೆ ಅವಳ ಅಳು ನಿಂತುಹೋಯಿತು.

"ನಿಮ್ಮ ದಾಸೋಹ ನಮ್ಮವ್ವನ್ನ ನುಂಗ್ತಪಾ" ಎಂದಳು. "ಬಂದವರೆಲ್ಲಾ ಉಂಡು ಹೋದ್ರು. ಕಡೀಗೆ ಅಕೀನ್ನೇ ಬಡಿಸಿದ್ರಿ."

ಕಾಕಾ ತಲೆ ತಗ್ಗಿಸಿದರು. ಅವರ ಬಲಗೈ ಅಂಗಿಯ ಗುಂಡಿಯ ಮೇಲೆ ಹೊಡೆದುಕೊಳ್ಳುತ್ತಿತ್ತು.

"ಯಾವಾಕಿ ಅಕಿ? ತೋರಸ್ರಿ ನನಗ. ಅಕೀಗೂ ತಿಳೀಲಿ ಏನು ಮಾಡ್ಯಾಳಂತ."

"ಅಕಿ ಏನೂ ಮಾಡಿಲ್ಲ."

"ಮತ್ತ್ಯಾರು ಮಾಡಿದ್ರು?"

"ನಾ ಮಾಡೀನಿ" ಎಂದರು ಕಾಕಾ. "ನೀ ಏನು ಅನ್ನೋದಿದ್ರೂ ನನಗನ್ನು. ಅಕೀ ಕಡೆ ಹೋಗಬ್ಯಾಡ."

ಮಣ್ಣಾದ ಮೂರನೆಯ ದಿನ ಕಬ್ಬಿನ ಗುಂಪಿನ ಹೆಂಗಸರು ಟ್ರ್ಯಾಕ್ಟರ್ ಹತ್ತಿ ಬಸವಕಲ್ಯಾಣಕ್ಕೆ ಬಂದರು. ಒಂದು ದಿನದ ದುಡಿಮೆಯನ್ನು ಬಿಟ್ಟು ಬಂದಿದ್ದರು. ಅಂಗಳದಲ್ಲಿ ಜಮಖಾನೆಯ ಮೇಲೆ ಕಾಕಾ, ನಾನು, ಓಣಿಯ ಕೆಲವರು ಕುಳಿತಿದ್ದೆವು. ಒಳಬಾಗಿಲಿಗೆ ಒರಗಿ ಮಗಳು. ಬಾಣಂತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮುಂದೆಯೇ ಕುಳಿತಳು. ಅತ್ತು ಮುಗಿಸಿ, ಕಣ್ಣೊರಸಿಕೊಂಡು, ನನ್ನ ಕಡೆ ತಿರುಗಿ ಕೇಳಿದಳು.

"ಏನಾತ್ರಿ ಮಾಸ್ತರ? ಉಂಡು ಆರಾಮ ಮಲಗಿದ್ಲು ಆಜಿ. ಒಮ್ಮಿಂದೊಮ್ಮಿ ಹ್ಯಾಂಗಾತು?"

ಮಕ್ಕಳು ಕೇಳಿದ ಪ್ರಶ್ನೆಗೆ ಕಾರಣವನ್ನೂ ಪರಿಣಾಮವನ್ನೂ ಅನುಕ್ರಮವಾಗಿ ಜೋಡಿಸಿ ಉತ್ತರಿಸುವುದು ನನ್ನ ವೃತ್ತಿಯೇ ಆಗಿತ್ತು. ನನ್ನ ಬಾಯಲ್ಲಿ ವಾಕ್ಯ ಸಿದ್ಧವಾಗಿತ್ತು. ಬಾಗಿಲಿಗೆ ಒರಗಿದ್ದ ಮಗಳು ನೆಟ್ಟಗೆ ನಿಂತಳು. ಅವಳ ಬಾಯಲ್ಲಿಯೂ ಅದೇ ವಾಕ್ಯವಿತ್ತು.

ಕಾಕಾ ಮೊದಲು ಮಾತನಾಡಿದರು.

"ಮಶೀನು ಮದಲೇ ಕೆಟ್ಟಿತ್ತವ್ವಾ" ಎಂದರು. "ನಾವು ಊಟಾ ಮಾಡಾಕತ್ತಾಗನೇ ಕೆಟ್ಟಿರಬೇಕು, ನನಗ ತಿಳೀಲಿಲ್ಲ. ಅದಕ್ಕ ನಿನ್ನ ನೀರು ಕಾಯಲಿಲ್ಲ ನೋಡು."

ಅವಳು ಯೋಚಿಸಿದಳು. ಎಲ್ಲವೂ ಹೊಂದುತ್ತಿತ್ತು. ನೀರು ತಣ್ಣಗೇ ಇತ್ತಲ್ಲವೆ? ಯಂತ್ರ ಕೆಟ್ಟಿದ್ದರಿಂದಲೇ ನೀರು ಕಾಯಲಿಲ್ಲ. ತಲೆಯಾಡಿಸಿದಳು.

"ನೀ ಬಂದು ಹೇಳ್ದಿ ಅಂತ ಅಷ್ಟರೆ ತಿಳೀತು" ಎಂದು ಕಾಕಾ ಸೇರಿಸಿದರು. "ಇಲ್ಲಾಂದ್ರ ದವಾಖಾನಿ ಮುಟ್ಟತಿದ್ದಿಲ್ಲ. ಮಗಳ ಮಾರಿ ನೋಡದಂಗ ಹೋಗ್ತಿದ್ಲು. ನಿನ್ನ ಉಪಕಾರ ದೊಡ್ಡದವ್ವಾ."

ಕಾರಣವನ್ನು ಪರಿಣಾಮದ ಜಾಗಕ್ಕೂ ಪರಿಣಾಮವನ್ನು ಕಾರಣದ ಜಾಗಕ್ಕೂ ಎತ್ತಿಟ್ಟು, ಹೆಂಡತಿಯನ್ನು ಕಳೆದುಕೊಂಡು ಮೂರು ದಿನವಾದ ಆ ಮನುಷ್ಯ, ಎದುರಿಗಿದ್ದ ಹೆಣ್ಣುಮಗಳ ಮುಂದಿನ ಆಯುಷ್ಯವನ್ನೆಲ್ಲ ಒಂದು ಮಾತಿನಲ್ಲಿ ಕಾಯ್ದುಬಿಟ್ಟಿದ್ದರು. ಮಗಳು ಏನಾದರೂ ಅನ್ನುವಳೆಂದು ನಾನು ಬಾಗಿಲ ಕಡೆ ನೋಡಿದೆ. ಅವಳು ತಂದೆಯನ್ನು ಒಂದು ಗಳಿಗೆ ನೋಡಿದಳು; ಏನೂ ಅನ್ನದೆ ಒಳಗೆ ಹೋದಳು. ಆ ಸಂಜೆಯೇ ಹುಮನಾಬಾದಿಗೆ ಹೊರಟಳು. ತಂದೆಯ ಜೊತೆ ಮಾತನಾಡುವುದನ್ನೂ ಅಂದಿನಿಂದ ಬಿಟ್ಟಳು. ಆದರೆ ಆ ಸುಳ್ಳನ್ನು ಅವಳು ಒಡೆಯಲಿಲ್ಲ. ಇದನ್ನೂ ಅವಳ ಲೆಕ್ಕಕ್ಕೆ ಬರೆಯಬೇಕು.

ಆಮೇಲಿನ ಕಾಕಾರ ವಿಷಯವಾಗಿ ಹೇಳುವುದು ಹೆಚ್ಚಿಲ್ಲ. ಗಾಡಿ ಹಿತ್ತಲಿನಲ್ಲಿ ನಿಂತಿತು. ಒಂದೊಂದೇ ಟೈರು ಕುಸಿಯಿತು. ಅವರು ಅದರ ಬಾಗಿಲನ್ನು ತೆರೆಯಲಿಲ್ಲ. ಕರೆಂಟು ಹೋದ ಸಂಜೆಗಳಲ್ಲಿ ಓಣಿಯ ಮನೆಗಳೆಲ್ಲ ಇನ್ವರ್ಟರಿನಲ್ಲಿ ಬೆಳಗುತ್ತಿದ್ದರೆ ಅವರ ಮನೆಯೊಂದು ಕತ್ತಲಾಗಿರುತ್ತಿತ್ತು. ನಾನು ಮೇಣದಬತ್ತಿ ಹಿಡಿದು ಹೋದರೆ "ಇರಲಿ ಬಿಡ್ರಿ, ಕಾಣೋದೇನದ" ಎನ್ನುತ್ತಿದ್ದರು. ಮನೆಗೆ ಬಂದವರಿಗೆ ನೀರು ಕೊಡುವುದನ್ನು ಬಿಟ್ಟಿರಲಿಲ್ಲ. ಆದರೆ ತಂಬಿಗೆ ಕೊಡುವಾಗ ಬಂದವರ ಮುಖವನ್ನು ಅವರು ಮೊದಲಿನಂತೆ ನೋಡುತ್ತಿರಲಿಲ್ಲ.

ಒಂದು ದಿನ, ಎಂದೂ ಇಲ್ಲದಂತೆ, ನಮ್ಮ ಮನೆಗೆ ತಾವಾಗಿಯೇ ಬಂದು ಕಟ್ಟೆಯ ಮೇಲೆ ಕುಳಿತರು.

"ಮಾಸ್ತರ, ಒಂದು ಕೇಳ್ತೀನಿ. ನೀವು ತಪ್ಪು ಒಪ್ಪು ಬಲ್ಲವರು. ನಾ ಕೊಟ್ಟದ್ದು ತಪ್ಪೇನ್ರಿ?"

"ಕೊಟ್ಟದ್ದು ತಪ್ಪಲ್ಲ, ಕಾಕಾ."

"ಮತ್ತ?"

ನಾನು ಕೂಗಿನ ತಂತಿಯ ಮಾತು ಎತ್ತಬೇಕಾಗಿತ್ತು. ಎತ್ತಲಿಲ್ಲ. ಅವರೇ ಎತ್ತಿದರು. "ಆ ಮುದುಕ ಚಹಾ ಬಿಟ್ಟು ಹೋದದ್ದು ನನಗ ಸಹನ ಆಗ್ಲಿಲ್ಲ. ನಮ್ಮಾಕಿ ಹೋದದ್ದು ಸಹನ ಆಗ್ಯದ ನೋಡ್ರಿ. ಉಣ್ಣಾಕತ್ತೀನಿ, ಮಲಗಾಕತ್ತೀನಿ. ಎಂಥಾ ಮನಶಾ ಇರ್ಬೇಕು ನಾ?" ಎಂದು ಎದ್ದುಹೋದರು.

ಮುಂದಿನ ಹಂಗಾಮು ಇನ್ನೂ ಶುರುವಾಗದಿರುವಾಗ ಅವರು ಹಾಸಿಗೆ ಹಿಡಿದರು. ಹೃದಯ ದಣಿದಿದೆ ಎಂದರು ವೈದ್ಯರು. ಮಗಳು ಬಂದು ನೋಡಿಕೊಂಡಳು. ಗುಳಿಗೆ ಕೊಟ್ಟಳು, ಗಂಜಿ ಕುಡಿಸಿದಳು, ಮಾತು ಮಾತ್ರ ಆಡಲಿಲ್ಲ. ಕೊನೆಯ ದಿನಗಳಲ್ಲೊಮ್ಮೆ ಅವರು ನನ್ನನ್ನು ಹತ್ತಿರ ಕರೆದರು.

"ಕಬ್ಬಿನವರು ಬರೋ ಟೈಮಾತು. ಆ ಕೂಸಿನ ತಾಯಿ ಬಂದ್ರ..."

"ಬಂದ್ರ?"

ನನಗೇನೋ ಕಟ್ಟಪ್ಪಣೆ ಬರುವುದೆಂದು ಕಾದೆ.

"ಊಟಾ ಮಾಡಿಸಿ ಕಳಸ್ರಿ" ಎಂದು ಕಣ್ಣು ಮುಚ್ಚಿದರು. ಅವರನ್ನು ಕಾಕುವಿನ ಪಕ್ಕದಲ್ಲಿಯೇ ಮಣ್ಣು ಮಾಡಿದೆವು.

ಅವಳು ಬಂದಳು. ನಡೆಯಲು ಕಲಿತ ಕೂಸಿನ ಕೈಹಿಡಿದುಕೊಂಡು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದಳು. ನಾನು ಕರೆದೆ. ಸುದ್ದಿ ಕೇಳಿ ಕಟ್ಟೆಯ ಮೇಲೆ ಕುಸಿದು ಬಹಳ ಹೊತ್ತು ಅತ್ತಳು. ನನ್ನ ಹೆಂಡತಿ ತಟ್ಟೆ ಇಟ್ಟಳು. ಕೂಸು ಉಂಡಿತು. ಅವಳು ರೊಟ್ಟಿ ಮುರಿದಳೇ ಹೊರತು ಬಾಯಿಗಿಡಲಿಲ್ಲ.

"ಮಾಸ್ತರ" ಎಂದಳು ತಟ್ಟೆಯನ್ನು ನೋಡುತ್ತಲೇ. "ಈ ವರ್ಷ ನಮ್ಮ ಗುಂಪಿನ ಮುಕಾದಮ ಒಂದು ಇನ್ವರ್ಟರ್ ತಂದಾನ. ಅದಕ್ಕ ಕಡ್ಡಿ ಹಚ್ಚಾಕ ಹೋದೆ. ಬೈದ. ಹಚ್ಚಿದ್ರ ಮಶೀನು ಕುಂದರ್ತದ, ಎಲ್ಲಾ ಬಂದ್ ಆಗ್ತದ ಅಂದ."

ನಾನು ನೀರಿನ ತಂಬಿಗೆಯನ್ನು ಅವಳ ಹತ್ತಿರ ಸರಿಸಿದೆ.

"ಆವತ್ತಿಂದ ನಿದ್ದಿಲ್ರಿ. ಖರೇ ಹೇಳ್ರಿ. ಆಜಿ ಮಶೀನು ಮದಲೇ ಕೆಟ್ಟಿತ್ತೋ, ನನ್ನ ಕಡ್ಡೀಲಿಂದ ನಿಂತಿತೋ? ಆಜೋಬಾ ಮೆತ್ತಗಿನ ಮನಶಾ. ನೀವರೆ ಖರೇ ಹೇಳ್ರಿ."

ಬಕೆಟ್ಟಿನ ಪಕ್ಕದಲ್ಲಿ ನಾನು ಇಟ್ಟ ಆ ಕಡ್ಡಿ, ನೀರು ತೊಟ್ಟಿಕ್ಕುತ್ತಿದ್ದ ಆ ಕಡ್ಡಿ, ನನ್ನ ಅಂಗೈಯಲ್ಲಿ ಇನ್ನೂ ತಣ್ಣಗಿತ್ತು. ಕೂಸು ಅವಳ ಮೊಣಕಾಲಿಗೆ ಒರಗಿ ನನ್ನನ್ನೇ ನೋಡುತ್ತಿತ್ತು. ಅಂದು ಅಂಗಳದಲ್ಲಿ ಕಾಕಾ ಮಾತನಾಡುವ ಮೊದಲು ಎಷ್ಟು ಹೊತ್ತು ತೆಗೆದುಕೊಂಡರು? ಹೊತ್ತೇ ತೆಗೆದುಕೊಳ್ಳಲಿಲ್ಲ. ಹೊತ್ತು ತೆಗೆದುಕೊಂಡರೆ ಅವಳಿಗೆ ತಿಳಿದುಹೋಗುತ್ತದೆ.

"ಇಲ್ಲವ್ವಾ" ಎಂದೆ. "ನಾ ಅಲ್ಲೇ ಇದ್ದೆ. ಮದಲೇ ಕೆಟ್ಟಿತ್ತು."

"ಖರೇನಾ?"

"ನಾ ಮಾಸ್ತರ ಇದೀನಿ. ಸುಳ್ಳು ಹೇಳೂದಿಲ್ಲ."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ರೊಟ್ಟಿಯ ತುಂಡನ್ನು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟಳು.